ಬೇಗ ತುಂಬುವ ವಾಲ್ವ್

ವಿಮಾನಕ್ಕೆ ಬೇಗ ಇಂಧನ ತುಂಬಲೆಂದು ನಮ್ಮ ಕಂಪನಿಯಲ್ಲಿ ಸುಧಾರಿಸಿದ್ದ ಒತ್ತಡ ನಿಯಂತ್ರಕ ವಾಲ್ವನ್ನು ತೊಡೆಯ ಮೇಲಿಟ್ಟುಕೊಂಡು ಖಾಸಗಿ ಬಸ್ಸಿನಲ್ಲಿ ರಾಮನಗರಕ್ಕೆ ಹೊರಟಿದ್ದೆ. ಹತ್ತು ಗಂಟೆಗೆ ಖರೀದಿದಾರರ ಮುಂದೆ ಅದರ ಪರೀಕ್ಷೆ. ದಾರಿಯಲ್ಲಿ ಬಸ್ಸು ಡೀಸೆಲ್‌ಗೆಂದು ಬಂಕಿಗೆ ತಿರುಗಿ ಅಲ್ಲೇ ನಿಂತುಬಿಟ್ಟಿತು. ಪಂಪಿನಿಂದ ಡೀಸೆಲ್ ತೊಟ್ಟುತೊಟ್ಟಾಗಿ ಬರುತ್ತಿತ್ತು.

ಪಕ್ಕದಲ್ಲಿ ರೇಷ್ಮೆಗೂಡಿನ ಚೀಲ ಹಿಡಿದಿದ್ದ ರೈತ, "ಏನ್ ಸಾರ್ ಅದು?" ಎಂದ. ಹೇಳಿದೆ.

ತಕ್ಷಣ ಡ್ರೈವರಿಗೆ ಕೂಗಿದ: "ಲೇ ಸಿದ್ರಾಜು, ಈ ಸಾರ್ ಹತ್ರ ಬೇಗ ತುಂಬೋ ಮಿಷನ್ ಐತೆ ಕಣ್ಲಾ! ಗೂಡಿನ ಹರಾಜು ಮುಗ್ದೋಯ್ತದೆ, ಒಸಿ ಹಾಕ್ಸ್ಲಾ!"

"ಇದು ಬಂಕಿನ ಪೈಪಿಗೆ ಹೊಂದಲ್ಲ, ವಿಮಾನಕ್ಕೆ ಮಾತ್ರ," ಎಂದೆ.

"ವಿಮಾನಕ್ಕೇನ್ ಸಾರ್ ಅವಸರ? ಅದು ಹೆಂಗೂ ಹಾರ್ಕೊಂಡೇ ಹೋಯ್ತದೆ."

ನಾನು ತಲುಪಿದಾಗ ಖರೀದಿದಾರರು ಕಾರು ಹತ್ತುತ್ತಿದ್ದರು. "ಯಾಕಿಷ್ಟು ತಡ?" ಎಂದರು.

ಇಂಧನ ತುಂಬಿಸುವುದು ತಡವಾಯಿತು ಎನ್ನಲು ಬಾಯಿ ಬರಲಿಲ್ಲ. ಪಂಕ್ಚರ್ ಆಯಿತು ಎಂದೆ.