ಕೆಳರೆಪ್ಪೆಯ ಕೆಂಪು

ವಿಜ್ಞಾನ ಹೇಳುವ ಅಕ್ಕೋರಿಗೇ ಮೈಯಲ್ಲಿ ರಕ್ತ ಇಲ್ಲ ಎಂದರೆ ಜನ ನಗದೆ ಬಿಡುತ್ತಾರೆಯೇ? ನಾನಾಗ ಯಲಬುರ್ಗಾದ ಹೈಸ್ಕೂಲಿನಲ್ಲಿ ಟೀಚರು. ಕೊಪ್ಪಳ ಜಿಲ್ಲೆಯಾಗಿ ಒಂದೆರಡು ವರ್ಷ ಕಳೆದಿತ್ತಷ್ಟೇ. ನಮ್ಮ ಶಾಲೆಯ ಗೋಡೆಯ ನಕ್ಷೆಯಲ್ಲಿ ನಾವಿನ್ನೂ ರಾಯಚೂರಿನಲ್ಲೇ ಇದ್ದೆವು. ಕೆಂಪು ರಕ್ತಕಣ ದುಂಡಗೆ, ನಡುವೆ ತಗ್ಗು. ಅದಕ್ಕೆ ಕೋಶಕೇಂದ್ರ ಇಲ್ಲ. ಸುಮಾರು ನೂರಿಪ್ಪತ್ತು ದಿನ ಬದುಕುತ್ತದೆ. ಅದರೊಳಗಿನ ಹಿಮೋಗ್ಲೋಬಿನ್ ಉಸಿರಿನ ಗಾಳಿಯನ್ನು ಮೈಗೆಲ್ಲ ಹೊತ್ತು ಹಾಕುತ್ತದೆ, ಆ ಹಿಮೋಗ್ಲೋಬಿನ್‌ಗೆ ಕಬ್ಬಿಣ ಬೇಕು. ಇದನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಕಣದ ಚಿತ್ರ ಬರೆದು ಹುಡುಗರ ಕಡೆ ತಿರುಗಿದರೆ ಮಾತ್ರ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಚೊಚ್ಚಲ ಬಸಿರು, ಹೀಗೆಲ್ಲ ಆಗುವುದೇ ಎಂದು ಸುಮ್ಮನಿದ್ದೆ.

ತೋರಿಸಲು ಹೋದಾಗ ಡಾಕ್ಟರಮ್ಮ ಮೊದಲು ನನ್ನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆ ಎಳೆದು ನೋಡಿದರು. ಒಳಗೆ ಕೆಂಪಗೆ ಇರಬೇಕಾದದ್ದು ಬಿಳುಚಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟು. ಅದರ ಕೆಳಗೆ ‘ಮೈಕ್ರೋಸೈಟಿಕ್ ಹೈಪೋಕ್ರೋಮಿಕ್’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕಬ್ಬಿಣದ ಗುಳಿಗೆ ಬರೆದುಕೊಟ್ಟ ಡಾಕ್ಟರಮ್ಮ ಒಂದು ಮಾತು ಖಡಕ್ಕಾಗಿ ಹೇಳಿದರು. ಒಂಬತ್ತು ತಿಂಗಳು ತುಂಬುವುದರೊಳಗೆ ಇದು ಹತ್ತು ದಾಟಬೇಕು. ದಾಟದಿದ್ದರೆ ತವರಿಗೆ ಹೋಗುವ ಮಾತೇ ಇಲ್ಲ, ಹೆರಿಗೆ ಕೊಪ್ಪಳದ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಹೆರುವಾಗ ರಕ್ತ ಹೋದರೆ ಹಳ್ಳಿಯಲ್ಲಿ ರಕ್ತ ಏರಿಸುವವರು ಯಾರು ಎಂದು ಕೇಳಿದರು.

ನನಗೆ ಅಲ್ಲೇ ಅಳು ಬಂತು. ನನ್ನ ತವರು ಕುಷ್ಟಗಿ ಕಡೆಯ ಹನುಮಸಾಗರ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮಲ್ಲಿ ಯಾರೂ ಹೊಸದಾಗಿ ಹೇಳಬೇಕಾದ ಮಾತಲ್ಲ. ಅವ್ವ ಆಗಲೇ ತನ್ನ ಹಳೆಯ ನೂಲಿನ ಸೀರೆಗಳನ್ನು ಒಗೆದು ಕೂಸಿಗೆಂದು ಮಡಚಿ ಇಟ್ಟಿದ್ದಳು, ಅಂಟಿನ ಉಂಡೆಗೆ ಒಣಕೊಬ್ಬರಿ ಕೂಡಿಡುತ್ತಿದ್ದಳು. ನಾನು ಹುಟ್ಟಿದ ಒಳಕೋಣೆಗೆ ಸುಣ್ಣ ಬಳಿಸಿದ್ದಳು. ನನಗೂ ಆ ಕೋಣೆಯೇ ಬೇಕಿತ್ತು. ಗುರುತಿಲ್ಲದ ವಾರ್ಡಿನಲ್ಲಿ ಹೆರುವುದನ್ನು ನೆನೆಯಲೂ ಮನಸ್ಸಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ರಿಪೋರ್ಟಿನಲ್ಲಿ ಏನು ಬರೆದಿದೆ ಎಂದು ಕೇಳಿದರು. ಮೈಕ್ರೋ ಅಂದರೆ ಸಣ್ಣದು, ಸೈಟ್ ಅಂದರೆ ಕಣ, ಹೈಪೋ ಅಂದರೆ ಕಡಿಮೆ, ಕ್ರೋಮ್ ಅಂದರೆ ಬಣ್ಣ ಎಂದು ಪಾಠವನ್ನೇ ಶುರು ಮಾಡಿದೆ. ಕಣಗಳು ಇವೆ, ಆದರೆ ಸಣ್ಣಗಾಗಿ ಬಣ್ಣಗೆಟ್ಟಿವೆ ಎಂದೆ.

“ಜೊಳ್ಳ ಬಿದ್ದಾವ ಅನ್ನು,” ಎಂದರು ಅತ್ತೆ. “ಅದಕ್ಕ ಅಷ್ಟುದ್ದ ಇಂಗ್ಲಿಷ್ ಯಾಕ ಬೇಕಿತ್ತು?”

ಮರುದಿನದಿಂದ ಗುಳಿಗೆಯ ಜವಾಬ್ದಾರಿಯನ್ನು ಅತ್ತೆಯೇ ವಹಿಸಿಕೊಂಡರು. ಮುಂಜಾನೆ ನಾನು ಶಾಲೆಗೆ ಹೊರಡುವ ಮೊದಲು ಕಪ್ಪಿನ ತುಂಬ ಚಹಾ, ಕೆಳಗಿನ ಬಸಿಯ ಅಂಚಿಗೆ ಕೆಂಪು ಗುಳಿಗೆ. ಕಬ್ಬಿಣದ ವಾಸನೆಗೆ ಹೊಟ್ಟೆ ತೊಳಸುತ್ತದೆ, ಬಿಸಿ ಚಹಾದ ಜೊತೆ ಒಳಗೆ ಹೋದರೆ ಗೊತ್ತಾಗುವುದಿಲ್ಲ ಎಂಬುದು ಅವರ ಲೆಕ್ಕ. ನಾನು ನುಂಗುವವರೆಗೂ ಎದುರಿಗೆ ನಿಂತಿರುತ್ತಿದ್ದರು. ನಮ್ಮ ಕಡೆ ಜ್ವರದ ಗುಳಿಗೆ, ತಲೆನೋವಿನ ಗುಳಿಗೆ, ಎಲ್ಲವೂ ಚಹಾದ ಜೊತೆಗೇ ಇಳಿಯುತ್ತವೆ. ನೀರಿನಲ್ಲಿ ಗುಳಿಗೆ ನುಂಗಿದವರನ್ನು ಆ ಓಣಿಯಲ್ಲಿ ನಾನು ನೋಡಿರಲೇ ಇಲ್ಲ.

ಎರಡು ತಿಂಗಳು ಕಳೆದು ಮತ್ತೆ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟರ ಹತ್ತಿರವೇ ಕುಂತಿತ್ತು. ಡಾಕ್ಟರಮ್ಮನಿಗೆ ಗುಮಾನಿ ಬಂತು, ಗುಳಿಗೆಯನ್ನು ಚರಂಡಿಗೆ ಹಾಕುತ್ತೀಯೇನು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಒಂದು ದಿನವೂ ತಪ್ಪಿಸಿಲ್ಲ, ನಮ್ಮ ಅತ್ತೆ ದಿನಾ ಚಹಾದ ಜೊತೆ ಎದುರಿಗೇ ನಿಂತು ನುಂಗಿಸುತ್ತಾರೆ ಎಂದೆ. ಅವರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲವಂತೆ. ಗುಳಿಗೆಯ ಹಿಂದೆ ಮುಂದೆ ಒಂದೆರಡು ತಾಸು ಚಹಾ ಬೇಡ, ಊಟದ ಬೆನ್ನಿಗೂ ಬೇಡ, ಲಿಂಬೆಹಣ್ಣಿನ ನೀರಾದರೆ ಛಲೋ ಎಂದರು. ರಕ್ತದ ಪಾಠ ಹೇಳುವವಳಿಗೆ ಇದು ಗೊತ್ತಿರಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಕಬ್ಬಿಣವಿತ್ತು, ಚಹಾ ಇರಲಿಲ್ಲ.

ಈ ಮಾತನ್ನು ಅತ್ತೆಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಒದ್ದಾಡಿದೆ. ಹೇಳಿದಾಗ ಅವರು ಹೋಗಿ ಕಟ್ಟೆಯ ಮೇಲೆ ಕುಳಿತರು. ಸೊಸೆಗೆ ಒಳ್ಳೆಯದಾಗಲೆಂದು ಮಾಡಿದ್ದೇ ಅಡ್ಡ ಬಂತಲ್ಲ ಎಂದು ಅವರ ಜೀವ ಚುರ್ ಎಂದಿರಬೇಕು. ನನಗೂ ಕೆಟ್ಟದೆನಿಸಿತು. ಆದರೆ ಮರುದಿನ ಮುಂಜಾನೆ ಬಸಿಯಲ್ಲಿ ಗುಳಿಗೆಯ ಪಕ್ಕ ಲಿಂಬೆಹಣ್ಣಿನ ಹೋಳು ಕುಂತಿತ್ತು. ಚಹಾಪುಡಿಯ ಡಬ್ಬಿ ಅಟ್ಟಕ್ಕೆ ಹೋಗಿತ್ತು. ನನ್ನ ಗಂಡ ಚಹಾಕ್ಕೆಂದು ಬಸ್‌ಸ್ಟ್ಯಾಂಡಿನ ಹೋಟೆಲ್ಲಿಗೆ ನಡೆದರು.

ಮನೆಯಲ್ಲಿ ಸರಿ, ಓಣಿಯಲ್ಲಿ ಏನು ಮಾಡುವುದು? ಬಸುರಿಯನ್ನು ಕರೆದು ಚಹಾ ಕೊಡದೆ ಕಳಿಸುವ ಮನೆ ಯಲಬುರ್ಗಾದಲ್ಲಿ ಇಲ್ಲ, ಕೊಟ್ಟ ಚಹಾ ಬೇಡವೆಂದರೆ ಅವರು ವರ್ಷಗಟ್ಟಲೆ ಮರೆಯುವುದಿಲ್ಲ. ಅತ್ತೆ ಇದಕ್ಕೂ ಉಪಾಯ ಕಂಡುಕೊಂಡರು. ಹೋದಲ್ಲೆಲ್ಲ ನನ್ನ ಪಾಲಿನದನ್ನೂ ಅವರೇ ಕುಡಿಯುತ್ತಿದ್ದರು. ಕೊಡುವವರಿಗೂ ಸಮಾಧಾನ, ಕುಡಿಯುವವರಿಗಂತೂ ಹಬ್ಬ.

ಆಮೇಲೆ ಅವರಿಗೆ ನನ್ನ ಕಣ್ಣು ನೋಡುವ ಹುಚ್ಚು ಹಿಡಿಯಿತು. ಡಾಕ್ಟರಮ್ಮ ಎಳೆದಂತೆಯೇ ದಿನಾ ಮುಂಜಾನೆ ನನ್ನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಕೆಳರೆಪ್ಪೆ ಎಳೆಯುವುದು, ಇನ್ನೂ ಆಗಿಲ್ಲ ಎಂದು ತಲೆಯಾಡಿಸುವುದು. ಒಂದು ದಿನ ರೇಗಿ ನಾನೇ ಅವರ ಗದ್ದ ಹಿಡಿದು ಅವರ ರೆಪ್ಪೆ ಎಳೆದೆ. ನಗುತ್ತಲೇ ಎಳೆದವಳು ಅವರನ್ನು ಬೆಳಕಿಗೆ ತಿರುಗಿಸಿದೆ. ಒಳಗೆ ಸುಣ್ಣ ಬಳಿದ ಗೋಡೆಯ ಹಾಗೆ ಇತ್ತು.

ಆಗ ಒಂದೊಂದೇ ಹೊಳೆಯತೊಡಗಿತು. ಚಹಾಪುಡಿಯ ಡಬ್ಬಿ ಅಟ್ಟಕ್ಕೆ ಹೋಗುವವರೆಗೂ, ಎಲ್ಲರೂ ಉಂಡ ಮೇಲೆ ಉಳಿದ ಒಣರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುವುದೇ ಅವರ ಊಟವಾಗಿತ್ತು. ಕೊಡ ತಂದು ಇಳಿಸಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ವಯಸ್ಸಾಯಿತು ಎಂದು ಅವರೂ ಅನ್ನುತ್ತಿದ್ದರು, ನಾವೂ ಅನ್ನುತ್ತಿದ್ದೆವು. ಪರೀಕ್ಷೆಗೆ ಬನ್ನಿ ಎಂದರೆ, ನಾನೇನು ಹೆರಬೇಕಾಗಿದೆಯೇ ಎಂದು ಕೊಸರಾಡಿದರು. ನೀವು ಬರದಿದ್ದರೆ ನಾಳೆಯಿಂದ ನನ್ನ ಗುಳಿಗೆಯೂ ಬಂದ್ ಎಂದೆ. ಬಂದರು. ಅವರದು ಏಳೂ ಇರಲಿಲ್ಲ. ಕೆಳಗೆ ಅದೇ ಉದ್ದನೆಯ ಇಂಗ್ಲಿಷು.

ಅಂದಿನಿಂದ ಬಸಿ ಎರಡಾದವು, ಗುಳಿಗೆ ಎರಡಾದವು. ಹೋದಲ್ಲಿ ಎರಡು ಕಪ್ಪು ಕುಡಿಯುವ ಹಬ್ಬ ಮುಗಿಯಿತು. ಊಟಕ್ಕೆ ನನ್ನ ಜೊತೆಗೇ ಕೂರಬೇಕು ಎಂದು ನಾನು ಹಟ ಹಿಡಿದೆ, ಮೊದಮೊದಲು ಸಂಕೋಚಪಟ್ಟು ಕುಳಿತರು. ಪುಂಡಿಪಲ್ಯ, ರಾಜಗಿರಿ, ನುಗ್ಗೆಸೊಪ್ಪು, ಸಂಜೆಗೆ ಹುರಿದ ಪುಟಾಣಿ, ಬೆಲ್ಲ. ಹಿತ್ತಲ ಬಾಗಿಲಲ್ಲಿ ಒಬ್ಬರ ರೆಪ್ಪೆ ಒಬ್ಬರು ಎಳೆದು ನೋಡುವುದನ್ನು ಕಂಡು ನನ್ನ ಗಂಡ, ಇಬ್ಬರೂ ದನದ ಸಂತೆಗೆ ಹೊರಟವರಂತೆ ಕಾಣುತ್ತೀರಿ ಎಂದು ನಗುತ್ತಿದ್ದರು. ನನ್ನ ಬಸಿರಿನಲ್ಲಿ ನನಗೆ ಬಹಳ ಹಿತವೆನಿಸಿದ ದಿನಗಳು ಅವೇ.

ಸೀಮಂತಕ್ಕೆ ಕುಬಸದ ಸೀರೆ ಉಟ್ಟಾಗಲೂ ಹತ್ತು ದಾಟಿರಲಿಲ್ಲ. ಅವ್ವ ಬಂದವಳು ನನ್ನನ್ನು ಕರೆದೊಯ್ಯಲಾಗದೆ ಕಣ್ಣು ಒರೆಸಿಕೊಂಡು ಕುಷ್ಟಗಿ ಬಸ್ಸು ಹತ್ತಿದಳು. ಒಂಬತ್ತು ತಿಂಗಳಿಗೆ ಬಿದ್ದ ಮೇಲೆ ಕೊನೆಯ ಪರೀಕ್ಷೆ. ಅತ್ತೆ ಹೊರಗಿನ ಬೆಂಚಿನ ಮೇಲೆ ಸೆರಗನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದರು. ಡಾಕ್ಟರಮ್ಮ ಚೀಟಿ ನೋಡಿ, ಹತ್ತೂವರೆ, ತವರಿಗೆ ಹೋಗು ಎಂದರು. ನಾನು ಹೊರಬಂದು ಹೇಳಿದ್ದೇ ತಡ, ಅತ್ತೆ ಅಲ್ಲೇ ನೆಲಕ್ಕೆ ಕೈ ಮುಟ್ಟಿಸಿ ಹುಲಿಗೆಮ್ಮನಿಗೆ ಕೈಮುಗಿದರು. ಗುಳಿಗೆಗೆ ಯಾಕೆ ಮುಗಿಯಲಿಲ್ಲ ಎಂದು ನಾನು ಛೇಡಿಸಿದೆ.

ಹನುಮಸಾಗರದ ಅದೇ ಒಳಕೋಣೆಯಲ್ಲಿ ಒಂದು ಮುಂಜಾನೆ ನರ್ಸಮ್ಮನ ಕೈಯಲ್ಲಿ ಮಗಳು ಹುಟ್ಟಿದಳು. ಏನೂ ತೊಂದರೆ ಆಗಲಿಲ್ಲ. ಸುದ್ದಿ ಮುಟ್ಟಿದ ಮರುದಿನವೇ ಅತ್ತೆ ರೊಟ್ಟಿಬುತ್ತಿ ಕಟ್ಟಿಕೊಂಡು ಬಂದರು. ಕಾಲು ತೊಳೆದು ಒಳಗೆ ಬಂದವರಿಗೆ ಅವ್ವ ಚಹಾ ಹಿಡಿದು ನಿಂತಳು. ಬೀಗರ ಮನೆಯ ಮೊದಲ ಚಹಾ.

“ಈಗ ಬ್ಯಾಡ್ರಿ ಬೀಗರ,” ಎಂದರು ಅತ್ತೆ. “ಬಸ್ಸಿನಾಗ ಗುಳಿಗಿ ತಗೊಂಡೀನಿ. ಒಂದೆರಡು ತಾಸು ಬಿಟ್ಟು ಕೊಡ್ರಿ.”

ಅವ್ವ ಕಪ್ಪು ಇಟ್ಟು ಕೂಸನ್ನು ಎತ್ತಿ ಅವರ ಮುಂದೆ ಚಾಚಿದಳು. ಅತ್ತೆ ಕೂಸನ್ನು ಮುಟ್ಟಲಿಲ್ಲ. ಸೀದಾ ನನ್ನ ಬಳಿ ಬಂದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಹೆಬ್ಬೆರಳಿನಿಂದ ರೆಪ್ಪೆ ಎಳೆದು ನೋಡಿದರು. ಒಂದು ಕಣ್ಣು ಆಯಿತು, ಇನ್ನೊಂದನ್ನೂ ನೋಡಿದರು.

“ಕೆಂಪ ಐತಿ, ಯವ್ವಾ,” ಎಂದು ನನ್ನ ಕೆನ್ನೆ ಸವರಿದರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಅವ್ವನ ಕಡೆ ತಿರುಗಿದರು. “ಈಗ ಕೊಡ್ರಿ ಕೂಸನ್ನ.”