ರೈಲು ತಡವಾದ ದಿನ, ನನ್ನ ಫುಟ್‌ಬಾಲ್ ತಂಡ

ಇವತ್ತು ಪಕ್ಕದ ಫ್ಲ್ಯಾಟಿಗೆ ಬಂದಿಳಿದ ರಟ್ಟಿನ ಪೆಟ್ಟಿಗೆಗಳ ವಾಸನೆಗೆ, ನಾವು ತಿರುವನಂತಪುರ ಬಿಟ್ಟು ಕೊಚ್ಚಿಗೆ ಬಂದ ದಿನ ನೆನಪಾಯಿತು. ಆಗ ನಾನು ಆನ್‌ಲೈನ್ ಲೀಗಿನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡವೊಂದರ ಒಡತಿ. ಆಟಗಾರರು, ಪಂದ್ಯಗಳು ಎಲ್ಲ ಕಂಪ್ಯೂಟರಿನೊಳಗೇ. ಯಾರನ್ನು ಆಡಿಸಬೇಕೆಂದು ಆ ಸಂಜೆಯೊಳಗೆ ತಿಳಿಸದಿದ್ದರೆ ತಂಡ ಬೇರೆಯವರ ಪಾಲಾಗುತ್ತಿತ್ತು. ರೈಲು ತಡವಾಯಿತು. ನಾನು ಅಳುತ್ತ ಕೂತೆ.

ಆ ಆಟವನ್ನು ಸದಾ ಬಯ್ಯುತ್ತಿದ್ದ ಅಮ್ಮ, ಕೊಚ್ಚಿ ಪಕ್ಕದ ಆಲುವ ನಿಲ್ದಾಣದಲ್ಲಿ ಇಳಿದವಳೇ ಸಾಮಾನನ್ನು ಅಪ್ಪನಿಗೆ ಒಪ್ಪಿಸಿ, ನನ್ನ ಕೈಹಿಡಿದು ಇಂಟರ್ನೆಟ್ ಅಂಗಡಿಗೆ ನುಗ್ಗಿದಳು.

"ಚೇಟಾ, ಒರು ಕಂಪ್ಯೂಟರ್, ವೇಗಂ!" ಅಣ್ಣಾ, ಒಂದು ಕಂಪ್ಯೂಟರ್, ಬೇಗ ಎಂದು ಅಂಗಡಿಯವನಿಗೆ ಮಲಯಾಳದಲ್ಲಿ ಅವಸರಪಡಿಸಿದಳು.

ತಂಡ ಇನ್ನೂ ನನ್ನ ಹೆಸರಿನಲ್ಲೇ ಇತ್ತು. ಆಟಗಾರರ ಹೆಸರು ಕಳಿಸಿಬಿಟ್ಟೆ.

"ಉಳೀತೇನೇ?" ಅಂದಳು ಅಮ್ಮ.

"ಉಳೀತಮ್ಮ."

"ಸದ್ಯ!" ಎಂದು ಸೆರಗಿನಿಂದ ಮೊದಲು ನನ್ನ ಮುಖ ಒರೆಸಿ, ಆಮೇಲೆ ತನ್ನದನ್ನು ಒರೆಸಿಕೊಂಡಳು.

ಈಗಷ್ಟೇ ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗಿಗೆ, ಅವಳು ಕೇಳುವ ಮೊದಲೇ, ನಮ್ಮ ವೈಫೈ ಪಾಸ್‌ವರ್ಡ್ ಹೇಳಿ ಬಂದೆ.