ಹಂಡೆಗೆ ಕಟ್ಟಿದ ಕೆಂಪು ಬಟ್ಟೆ

ಗಿರಿಜಾ, ಹಂಡೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದವಳು ನಾನು. ನೀನು ಮರೆತಿರಲಿಲ್ಲ.

ನನಗೆ ಅಕ್ಷರ ಬರುವುದು ಅಷ್ಟಕ್ಕಷ್ಟೆ. ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಬರೆದುಬಿಟ್ಟೆ. ಉಳಿದದ್ದು ನಿಧಾನಕ್ಕೆ —

ಆಗಿನ್ನೂ ನಾವು ನ್ಯಾಮತಿಯ ಹಳೇ ಮನೆಯಲ್ಲಿದ್ದೆವು. ನನ್ನ ಮಗ, ನಿನ್ನ ಗಂಡ ಬಸವರಾಜ, ಭತ್ತದ ಚೀಲ ಹೇರಿದ್ದ ಲಾರಿಯ ಮೇಲಿಂದ ಬಿದ್ದು ತಲೆ ಒಡೆದುಕೊಂಡ. ದಾವಣಗೆರೆ ದವಾಖಾನೆಯಿಂದ ಮನೆಗೆ ಬಂದಾಗ ಮೈ ಬಂದಿತ್ತು, ಅವನು ಬಂದಿರಲಿಲ್ಲ. ಚೊಂಬು ಕೊಟ್ಟರೆ ತಲೆಗೆ ಇಟ್ಟುಕೊಳ್ಳುತ್ತಿದ್ದ. ನನ್ನನ್ನು ನೋಡಿ ಸುಮ್ಮನೆ ನಗುತ್ತಿದ್ದ — ಯಾರೋ ನೆಂಟರನ್ನು ನೋಡಿದ ಹಾಗೆ. ನಿನ್ನ ಹೆಸರು ಮಾತ್ರ ಕರೆಯುತ್ತಿದ್ದ.

ಅದು ನನಗೆ ಸೇರಲಿಲ್ಲ. ಹೆತ್ತವಳ ಹೆಸರು ಮರೆತು ಹೆಂಡತಿಯದು ನೆನಪಿದೆ ಎಂದರೆ ಏನೋ ಇದೆ ಅಂದುಕೊಂಡೆ. ಅನ್ನದಲ್ಲಿ ಮದ್ದು ಹಾಕಿದ್ದಾಳೆ — ಗಂಡನನ್ನು ಮುಷ್ಟಿಯಲ್ಲಿಟ್ಟುಕೊಳ್ಳುವ ಮದ್ದು. ನೀನು ಬಡಿಸುವಾಗೆಲ್ಲ ನಿನ್ನ ಬೆರಳು ನೋಡುತ್ತಿದ್ದೆ.

ಆಮೇಲೆ ನೀನು ಬಚ್ಚಲಲ್ಲಿ ಬಟ್ಟೆ ಕಟ್ಟಲು ಶುರುಮಾಡಿದೆ. ಒಲೆಯ ಮೇಲಿನ ಹಂಡೆಯ ಕಂಠಕ್ಕೆ ಕೆಂಪು, ಪಕ್ಕದ ತಣ್ಣೀರಿನ ಹಂಡೆಗೆ ನೀಲಿ. ಹೊಗೆ ಹಿಡಿದದ್ದನ್ನು ಪ್ರತಿ ಸೋಮವಾರ ಬಿಚ್ಚಿ ಹೊಸ ಚೂರು ಕಟ್ಟುತ್ತಿದ್ದೆ. ಬಾಗಿಲ ಹೊರಗೆ ನಿಂತು ಕೂಗುತ್ತಿದ್ದೆ: "ಮೊದ್ಲು ನೀಲಿ ನೀರು ಬಕೀಟಿಗೆ ಹಾಕ್ಕಳ್ರಿ. ಆಮ್ಯಾಲೆ ಕೆಂಪಿಂದು, ಒಂದೇ ಚೊಂಬು. ಹ್ಞಾಂ, ಹಂಗೆ!"

"ಏನೇ, ಗಂಡನ್ನ ಸಾಕೀಯೋ ಗಿಣಿ ಸಾಕೀಯೋ?" ಅಂದಿದ್ದೆ ನಾನು.

ನೀನು ನಕ್ಕೆ. "ಗಿಣಿ ಆದ್ರೂ ಆಗ್ಲಿ ಬಿಡ್ರಿ ಅತ್ತೆ, ತಾನೇ ಮೈ ತೊಳಕಂಡ್ರೆ ಸಾಕು. ದವಾಖಾನೆ ನರ್ಸಮ್ಮ ಹೇಳಿಕೊಟ್ಟಿದ್ದು."

ಯಾವ ನರ್ಸಮ್ಮ ಹಂಡೆಗೆ ಗಂಟು ಕಟ್ಟಿಸುತ್ತಾಳೆ? ಹೀಗೆ ಬಣ್ಣದ ಗಂಟು ಕಟ್ಟುವುದನ್ನು ನಾನು ಕಂಡಿದ್ದು ಮಾಟ ಮಾಡುವವರ ಹತ್ತಿರ ಮಾತ್ರ. ಆದರೆ ಬಸವರಾಜ ಒಬ್ಬನೇ ಸ್ನಾನ ಮಾಡತೊಡಗಿದ್ದ. ಕಣ್ಣಾರೆ ಕಂಡೆ. ಕಂಡೂ — ಮಾಟ ಹತ್ತಿತು ಅಂದುಕೊಂಡೆ.

ಆ ಸೋಮವಾರ ನೀನು ಹೊಸ ಬಟ್ಟೆ ಕಟ್ಟಿ ನೀರಿಗೆ ಹೋದೆ. ನಾನು ಹಣೆಗೆ ವಿಭೂತಿ ಬಳಿದುಕೊಂಡು ಒಳಗೆ ಹೋಗಿ ಎರಡನ್ನೂ ಬಿಚ್ಚಿದೆ. ಹಂಡೆಯ ಒಲೆಗೇ ಹಾಕಿದೆ. ಅದೇ ಉರಿಯಲ್ಲಿ ನೀರು ಕಾದಿತು. ಆ ನೀರನ್ನು ಅವನು ನೇರ ಭುಜದ ಮೇಲೆ ಸುರಿದುಕೊಂಡ.

ಆ ಕೂಗು —

ನೀನು ಕೇಳಿದೆ: "ಅತ್ತೆ, ಬಟ್ಟೆ ನೀವೇನಾರ ಬಿಚ್ಚಿದ್ರಾ?"

"ನಾನ್ಯಾಕೆ ಮುಟ್ಲಿ? ನೀನೇ ಕಟ್ಟಾಕೆ ಮರ್ತಿರ್ಬೇಕು."

ಜಗಳೂರಿನಿಂದ ನಿಮ್ಮಣ್ಣ ಬಂದ. ಜಗಲಿಯ ಮೇಲೆ ಎಲ್ಲರೆದುರು, "ಒಂದು ಬಟ್ಟೆ ಕಟ್ಟಾಕೆ ಮರೀತೀಯಲ್ಲೇ, ನಿನ್ನ ಕೈಯಾಗೆ ಆ ಮನುಷ್ಯಾನ ಹೆಂಗೆ ಬಿಟ್ಟು ಹೋಗಾದು?" ಅಂದ. ನೀನು ತಲೆ ತಗ್ಗಿಸಿ, "ಮರ್ತೆ ಕಣಣ್ಣ" ಅಂದೆ. ನಾನು ಅಲ್ಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದೆ.

ಗಾಯ ಮಾಯಿತು. ಬಸವರಾಜ ಮತ್ತೆ ಬಚ್ಚಲಿಗೆ ಕಾಲಿಡಲಿಲ್ಲ, ಚೊಂಬು ಕಂಡರೆ ಮೂಲೆ ಹಿಡಿಯುತ್ತಿದ್ದ. ಇವತ್ತಿಗೂ ನೀನೇ ಒದ್ದೆ ಬಟ್ಟೆಯಲ್ಲಿ ಅವನ ಮೈ ಒರೆಸುತ್ತೀಯ. ನಿನ್ನ ಕೂದಲೂ ಬೆಳ್ಳಗಾಯಿತು.

ನನ್ನ ಅನುಮಾನದ ಬುದ್ಧಿ ಇನ್ನೂ ಹೋಗಿಲ್ಲ. ಒಲೆಯ ಬೂದಿ ಬಾಚುವವಳು ನೀನು. ಅರೆಸುಟ್ಟ ಗಂಟೊಂದು ಆವತ್ತೇ ನಿನ್ನ ಕೈಗೆ ಸಿಕ್ಕಿತ್ತೇನೋ? ಗೊತ್ತಿದ್ದೂ ನನಗೆ ಅನ್ನ ಇಕ್ಕುತ್ತಾ ಬಂದೆಯೇನೋ? ಕೇಳುವ ಧೈರ್ಯ —

ಕೇಳುವುದಿಲ್ಲ. ಸೋಮವಾರ ನಿಮ್ಮಣ್ಣ ಬರುತ್ತಾನಂತೆ. ಅವನನ್ನು ಜಗಲಿಯ ಮೇಲೆ ಕೂರಿಸು, ನೀನೂ ಕೂರು. ಅವನೆದುರು ಇದನ್ನು ನೀನು ಓದಬೇಡ. ತಡವರಿಸಿದರೂ ನಾನೇ ಓದುತ್ತೇನೆ.